ಜುಲೈ ತಿಂಗಳಿಗೆ ಹೊಂದುವ ಟೈರು

ಕಳೆದ ಮೇ ತಿಂಗಳ ಕೊನೆಯ ವಾರ ಧಾರವಾಡದ ಹುಡುಗನೊಬ್ಬ ಪುಣೆಯ ವಾರಜೆಯಲ್ಲಿರುವ ನಮ್ಮ ಟೈರು ಅಂಗಡಿಗೆ ಬಂದ. ಹಿಂಜವಡಿಯ ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ. ಎರಡೇ ಸೀಟಿನ, ಮೇಲ್ಛಾವಣಿ ಮಡಚುವ ಜರ್ಮನ್ ಕಾರು, ಸೆಕೆಂಡ್ ಹ್ಯಾಂಡ್. ಎರಡು ವರ್ಷದ ಉಳಿತಾಯ ಅದಕ್ಕೇ ಹೋಗಿದೆ ಎಂಬುದನ್ನು ಕೇಳದೆಯೇ ಹೇಳಿದ. "ಕಾಕಾ, ರೇಸ್ ಟ್ರ್ಯಾಕಿಗೆ ಹೋಗುವವರು ಹಾಕುತ್ತಾರಲ್ಲ, ಆ ಟೈರು ಬೇಕು" ಎಂದ.

"ಟ್ರ್ಯಾಕಿಗೆ ಹೋಗುತ್ತೀಯಾ ತಮ್ಮಾ?"

"ಇಲ್ಲ, ಭಾನುವಾರ ನಸುಕಿನಲ್ಲಿ ಲೋಣಾವಳಕ್ಕೆ ಹೋಗಿ ಬರುತ್ತೇನೆ."

ಉಳಿದ ದಿನಗಳಲ್ಲಿ? ಕೋಥರೂಡದಿಂದ ಹಿಂಜವಡಿ, ಹಿಂಜವಡಿಯಿಂದ ಕೋಥರೂಡ. ಗೇರ್ ಎರಡರಿಂದ ಮೂರಕ್ಕೆ ಏರುವಷ್ಟರಲ್ಲಿ ಮುಂದಿನ ಸಿಗ್ನಲ್ಲು.

ಇಂಥ ಗಿರಾಕಿಗಳು ನನಗೆ ಹೊಸಬರಲ್ಲ. ಸ್ಪೋರ್ಟ್ಸ್ ಕಾರು ಕೊಂಡವರು ಭಾನುವಾರದ ಆ ಒಂದು ಗಂಟೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಟೈರು ಕೇಳುತ್ತಾರೆ. ನಾನು ಜುಲೈ ತಿಂಗಳ ಸಂಜೆ ಏಳು ಗಂಟೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಕೊಡುತ್ತೇನೆ. ಅಲ್ಲಿಗೆ ನಮ್ಮ ಜಗಳ ಶುರುವಾಗುತ್ತದೆ.

ಮಾತು ಬೆಳೆಸುವ ಮೊದಲು ಕಾರನ್ನು ಲಿಫ್ಟ್‌ಗೆ ಏರಿಸಿದೆ. ನಿಂತು ನೋಡಿದರೆ ಹಿಂದಿನ ಟೈರುಗಳು ಚೆನ್ನಾಗಿಯೇ ಇದ್ದವು. ಹೊರ ಅಂಚಿನಲ್ಲಿ, ಟೈರಿನ ಕಾಲುವೆಗಳ ಆಳ ಅಳೆಯುವ ಗೇಜ್ ಇಟ್ಟರೆ 5 ಮಿ.ಮೀ. ತೋರಿಸಿತು. ಕೈಯನ್ನು ಒಳಗಡೆಗೆ ಚಾಚಿ ಒಳ ಅಂಚನ್ನು ಸವರಿದೆ. ಬೆರಳಿಗೆ ತಂತಿ ಚುಚ್ಚಿತು. ರಬ್ಬರು ಪೂರಾ ಹೋಗಿ ಒಳಗಿನ ಉಕ್ಕಿನ ಎಳೆ ಹೊರಬಂದಿತ್ತು. ಹುಡುಗನ ಕೈಯನ್ನೂ ಅಲ್ಲಿಗೇ ಒಯ್ದು ಮುಟ್ಟಿಸಿದೆ. ಇಂಥ ಕಾರುಗಳಲ್ಲಿ ತಿರುವಿನಲ್ಲಿ ಹಿಡಿತ ಸಿಗಲೆಂದು ಚಕ್ರದ ತಲೆಯನ್ನು ಒಳಕ್ಕೆ ವಾಲಿಸಿರುತ್ತಾರೆ; ಅದಕ್ಕೆ ಕ್ಯಾಂಬರ್ ಎನ್ನುತ್ತೇವೆ. ಕ್ಯಾಂಬರ್ ಒಂದೇ ಇಷ್ಟು ಬೇಗ ಟೈರು ತಿನ್ನುವುದಿಲ್ಲ. ಗುಂಡಿಗೆ ಬಿದ್ದು ಟೋ ಕೋನವೂ, ಅಂದರೆ ಚಕ್ರ ನೇರ ಮುಂದಕ್ಕೆ ಮುಖ ಮಾಡುವ ಕೋನವೂ, ತಪ್ಪಿದರೆ ಚಕ್ರ ಉರುಳುವುದರ ಜೊತೆಗೆ ಸ್ವಲ್ಪ ಸ್ವಲ್ಪ ಅಡ್ಡಕ್ಕೂ ಉಜ್ಜುತ್ತದೆ, ಒಳ ಅಂಚು ಅರದಿಂದ ಉಜ್ಜಿದ ಹಾಗೆ ಹೋಗುತ್ತದೆ. ಇದನ್ನು ಸರಿಪಡಿಸದೆ ಎಂಥ ದುಬಾರಿ ಟೈರು ಹಾಕಿದರೂ ಮತ್ತೆ ಅದೇ ಗತಿ. ಮುಂದಿನ ಎಡ ಟೈರಿನ ಪಕ್ಕೆಯಲ್ಲಿ ನಿಂಬೆಹಣ್ಣಿನಷ್ಟು ಗುಳ್ಳೆ ಬೇರೆ ಎದ್ದಿತ್ತು. ಒಳಗಿನ ದಾರಗಳು ಕಡಿದು ಗಾಳಿ ಹೊರಚರ್ಮವನ್ನು ನೂಕುತ್ತಿದೆ ಎಂದು ಅದರ ಅರ್ಥ. ಗುಳ್ಳೆಗೆ ರಿಪೇರಿ ಇಲ್ಲ, ಯಾರು ಮಾಡಿಕೊಡುತ್ತೇನೆಂದರೂ ಒಪ್ಪಬೇಡಿ.

ಗುಳ್ಳೆಯ ಕಾರಣ ಟೈರಿನ ಮೈಮೇಲೆಯೇ ಬರೆದಿತ್ತು: ಮುಂದೆ 225/40 ಆರ್18, ಹಿಂದೆ 255/35 ಆರ್18. ಮೊದಲ ಅಂಕಿ ಮಿಲಿಮೀಟರಿನಲ್ಲಿ ಅಗಲ, ಕೊನೆಯದು ಇಂಚಿನಲ್ಲಿ ರಿಮ್ಮಿನ ವ್ಯಾಸ. ಎರಡನೆಯದು ಆ ಅಗಲಕ್ಕೆ ಪಕ್ಕೆಯ ಎತ್ತರ ಶೇಕಡಾ ಎಷ್ಟು ಎಂಬುದು. ನನ್ನ ಕಣ್ಣು ಮೊದಲು ಹೋಗುವುದು ಅಲ್ಲಿಗೆ. 225ರ ಶೇಕಡಾ 40 ಎಂದರೆ 90 ಮಿ.ಮೀ. ನಗರದ ಗುಂಡಿಯ ಚೂಪು ಅಂಚಿಗೂ ನಿಮ್ಮ ರಿಮ್ಮಿಗೂ ನಡುವೆ ಇರುವ ಮೆತ್ತೆ ಇಷ್ಟೇ. ಈ ಹುಡುಗನ ಕಾರಿನ ಅದೇ ಮಾದರಿ ಕಾರ್ಖಾನೆಯಿಂದಲೇ 17 ಇಂಚಿನ ರಿಮ್ಮಿನಲ್ಲೂ ಬರುತ್ತಿತ್ತು: ಮುಂದೆ 225/45, ಹಿಂದೆ 255/40. ಮುಂದಿನ ಪಕ್ಕೆ 101 ಮಿ.ಮೀ. ಆಗುತ್ತದೆ, ಹಿಂದಿನದು 89ರಿಂದ 102ಕ್ಕೆ ಏರುತ್ತದೆ. ಚಕ್ರದ ಒಟ್ಟು ವ್ಯಾಸ ಮುಂದೆ 3 ಮಿ.ಮೀ. ಕಡಿಮೆ, ಹಿಂದೆ ಹೆಚ್ಚುಕಡಿಮೆ ಅಷ್ಟೇ. ಹಾಗಾಗಿ ಸ್ಪೀಡೋಮೀಟರ್ ಸುಳ್ಳು ಹೇಳುವುದಿಲ್ಲ, ಎಬಿಎಸ್‌ಗೂ ಗೊಂದಲವಿಲ್ಲ. "ಒಂದು ಇಂಚು ಕೆಳಗಿಳಿ" ಎಂದೆ. ಅವನ ಮುಖ ಸಣ್ಣದಾಯಿತು. ದೊಡ್ಡ ರಿಮ್ಮಿನ ಅಂದ ನನಗೂ ಗೊತ್ತು. ಆದರೆ ಬಾಗಿದ ರಿಮ್ಮುಗಳನ್ನು ತಟ್ಟಿ ನೇರ ಮಾಡುವವನ ಬಳಿಗೆ ಮಳೆಗಾಲದುದ್ದಕ್ಕೂ ಗಿರಾಕಿಗಳನ್ನು ಕಳಿಸುವವನೂ ನಾನೇ. ಎಲ್ಲ ಕಾರುಗಳಿಗೂ ಇದು ನಡೆಯುವುದಿಲ್ಲ ಎನ್ನುವುದನ್ನೂ ಹೇಳಬೇಕು. ದೊಡ್ಡ ಬ್ರೇಕಿನ ಮಾದರಿಗಳಲ್ಲಿ ಚಿಕ್ಕ ರಿಮ್ಮು ಬ್ರೇಕಿನ ಡಿಸ್ಕನ್ನು ಹಿಡಿಯುವ ಕ್ಯಾಲಿಪರ್‌ಗೆ ತಾಗುತ್ತದೆ. ಕೊಳ್ಳುವ ಮೊದಲು ಒಂದು ರಿಮ್ಮನ್ನು ಹಾಕಿ ಕೈಯಿಂದ ತಿರುಗಿಸಿ ನೋಡಲೇಬೇಕು.

ಇನ್ನು ಅವನು ಕೇಳಿದ ಟ್ರ್ಯಾಕ್ ಟೈರು. ಅದರ ರಬ್ಬರು ಕಾವೇರಿದ ಮೇಲೆಯೇ ಅಂಟಿನಂತೆ ಹಿಡಿಯುವುದು. ಸಿಗ್ನಲ್‌ನಿಂದ ಸಿಗ್ನಲ್‌ಗೆ ತೆವಳುವಾಗ ಆ ಕಾವು ಬರುವುದೇ ಇಲ್ಲ. ಅದಕ್ಕಿಂತ ದೊಡ್ಡ ತೊಡಕು ಟೈರಿನ ಮೈಮೇಲಿನ ಕಾಲುವೆಗಳದ್ದು. ನೀರು ಹೊರಹಾಕುವ ಆ ಕಾಲುವೆಗಳು ಅದರಲ್ಲಿ ಕಡಿಮೆ, ಇರುವವೂ ಆಳವಿಲ್ಲ. ಕಾತ್ರಜ ಹೊಸ ಸುರಂಗದಿಂದ ನವಲೆ ಸೇತುವೆಗೆ ಇಳಿಯುವ ಆ ಉದ್ದನೆಯ ಇಳಿಜಾರನ್ನು ಪುಣೆಯವರಿಗೆ ವಿವರಿಸಬೇಕಾಗಿಲ್ಲ. ಜೂನಿನ ಮೊದಲ ಮಳೆಗೆ ರಸ್ತೆಯ ಮೇಲಿನ ಎಣ್ಣೆ, ಧೂಳು, ರಬ್ಬರಿನ ಪುಡಿ ಎಲ್ಲ ಕಲಸಿ ಅಂಬಲಿಯಾಗುತ್ತದೆ. ಜುಲೈ ಹೊತ್ತಿಗೆ ಅಂಬಲಿ ಕೊಚ್ಚಿಹೋಗಿ ಬರೀ ನೀರು ನಿಲ್ಲುತ್ತದೆ.

ನಿಂತ ನೀರಿನ ಮೇಲೆ ಟೈರು ತೇಲಲು ಶುರುಮಾಡುವ ವೇಗಕ್ಕೆ ಒಂದು ಹಳೆಯ ಲೆಕ್ಕವಿದೆ. ಅಮೆರಿಕದ ನಾಸಾ ಸಂಸ್ಥೆ ವಿಮಾನದ ಚಕ್ರಗಳ ಮೇಲೆ ಮಾಡಿದ ಪರೀಕ್ಷೆಗಳಿಂದ ಬಂದದ್ದು. ಅದರ ಪ್ರಕಾರ ಎಲ್ಲವೂ ಗಾಳಿಯ ಒತ್ತಡದ ವರ್ಗಮೂಲದ ಮೇಲೆ ನಿಂತಿದೆ: 32 ಪಿಎಸ್‌ಐ ಇದ್ದರೆ ಗಂಟೆಗೆ ಸುಮಾರು 94 ಕಿ.ಮೀ., 24ಕ್ಕೆ ಇಳಿದರೆ ಸುಮಾರು 82 ಕಿ.ಮೀ. ಪುಣೆ–ಮುಂಬೈ ಎಕ್ಸ್‌ಪ್ರೆಸ್‌ವೇಯ ಸಪಾಟು ಭಾಗದಲ್ಲಿ ಕಾರಿಗೆ ಇರುವ ಮಿತಿಯೇ 100. ಆಳವಾದ ಕಾಲುವೆಗಳಿದ್ದರೆ ನೀರು ಹೊರಹೋಗಿ ಈ ಗಡಿ ಮೇಲಕ್ಕೆ ಸರಿಯುತ್ತದೆ, ಸವೆದ ಟೈರಿಗೆ ಆ ಆಸರೆಯಿಲ್ಲ. ಅಗಲ ಟೈರು, ಹಗುರ ಕಾರು ಎರಡೂ ಸೇರಿದರೆ ತೇಲುವುದು ಇನ್ನೂ ಸುಲಭ, ಮತ್ತು ಸ್ಪೋರ್ಟ್ಸ್ ಕಾರು ಎಂದರೆ ಅವೆರಡೇ. ಕಾನೂನಿನ ಕನಿಷ್ಠ ಆಳ 1.6 ಮಿ.ಮೀ. ಎಂಬುದು ಗೊತ್ತಿದ್ದೂ, ಅಗಲ ಟೈರು 3 ಮಿ.ಮೀ.ಗೆ ಬಂದಿದ್ದರೆ ಮೇ ತಿಂಗಳಲ್ಲೇ ಬಿಚ್ಚಿಸಿಬಿಡಿ ಎನ್ನುತ್ತೇನೆ. ವ್ಯಾಪಾರಕ್ಕೆ ಹೇಳುತ್ತಾನೆ ಎಂದು ಬಯ್ದುಕೊಂಡವರು ಇದ್ದಾರೆ, ಬಯ್ಯಲಿ.

"ಸಮ್ಮರ್ ಟೈರು" ಎಂಬ ಹೆಸರು ನಮ್ಮವರನ್ನು ಬಹಳ ಕಾಡಿಸುತ್ತದೆ. ಬೇಸಿಗೆಗೆ ಒಂದು, ಮಳೆಗೆ ಇನ್ನೊಂದು ಬೇಕೇ ಎಂದು ಕೇಳುತ್ತಾರೆ. ಆ ಹೆಸರು ಹಿಮ ಬೀಳುವ ದೇಶಗಳದ್ದು. ಸುಮಾರು 7 ಡಿಗ್ರಿಗಿಂತ ಕೆಳಗೆ ಆ ರಬ್ಬರು ಗಡುಸಾಗುತ್ತದೆ ಎಂಬುದಷ್ಟೇ ಅದರ ತಾತ್ಪರ್ಯ. ಪುಣೆಯ ಚಳಿಗಾಲದ ಬೆಳಗು ಸಾಮಾನ್ಯವಾಗಿ 10 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ನಮ್ಮ ಮಳೆಯಲ್ಲಿ ಬ್ರೇಕಿಗೆ ಚೆನ್ನಾಗಿ ನಿಲ್ಲುವುದೂ ಇದೇ ವರ್ಗದ ಟೈರು. ಮಿಶೆಲಿನ್‌ನ ಪೈಲಟ್ ಸ್ಪೋರ್ಟ್, ಬ್ರಿಜ್‌ಸ್ಟೋನ್‌ನ ಪೊಟೆಂಜಾ, ಗುಡ್‌ಇಯರ್‌ನ ಈಗಲ್ ಎಫ್1 ಹೀಗೆ ನಾಲ್ಕೈದು ಸಾಲುಗಳಿವೆ. ಅವುಗಳೊಳಗಿನ ವ್ಯತ್ಯಾಸಕ್ಕಾಗಿ ರಾತ್ರಿಯೆಲ್ಲ ವಿಡಿಯೊ ನೋಡುವುದಕ್ಕಿಂತ ನಿಮ್ಮ ಅಳತೆಯಲ್ಲಿ ಯಾವುದು ಹೊಸದಾಗಿ ಸಿಗುತ್ತದೆ ಎಂದು ವಿಚಾರಿಸುವುದು ಲೇಸು. 2020ರ ಜೂನ್‌ನಲ್ಲಿ ಸರ್ಕಾರ ಟೈರು ಆಮದಿಗೆ ಪರವಾನಗಿ ಕಡ್ಡಾಯ ಮಾಡಿದ ಮೇಲೆ ಅಪರೂಪದ ಅಳತೆಗಳಿಗೆ ಕಾಯುವುದು ರೂಢಿಯಾಯಿತು. ಕಾದು ತಂದ ಟೈರೂ ಗೋದಾಮಿನಲ್ಲಿ ಮುದಿಯಾಗಿರಬಹುದು. ಪಕ್ಕೆಯ ಮೇಲೆ ಡಿಓಟಿ ಅಕ್ಷರಗಳ ಸಾಲಿನ ಕೊನೆಯ ನಾಲ್ಕು ಅಂಕಿ ಓದಿ: 3622 ಎಂದಿದ್ದರೆ 2022ರ 36ನೇ ವಾರದ ಸರಕು. ಅಂಥದ್ದನ್ನು ಹೊಸದರ ಬೆಲೆಗೆ ಕೊಳ್ಳಬೇಡಿ.

ಟ್ರೆಡ್‌ವೇರ್ ಎಂಬ ಅಂಕಿಯನ್ನು ಹುಡುಗ ಬಾಯಿಪಾಠ ಮಾಡಿಕೊಂಡು ಬಂದಿದ್ದ. ಅಮೆರಿಕದ ಟೆಕ್ಸಾಸ್‌ನಲ್ಲಿ ಗೊತ್ತಾದ ರಸ್ತೆಯ ಮೇಲೆ ಓಡಿಸಿ, 100 ಅಂಕದ ಮಾದರಿ ಟೈರಿಗೆ ಹೋಲಿಸಿ ಕೊಡುವ ಅಂಕ ಅದು. 200 ಎಂದರೆ ಎರಡು ಪಟ್ಟು ಬಾಳಿಕೆ. ಆದರೆ ಅಂಕ ಕೊಟ್ಟುಕೊಳ್ಳುವವರು ಕಂಪನಿಯವರೇ. ಒಂದೇ ಕಂಪನಿಯ ಎರಡು ಟೈರು ಹೋಲಿಸಲು ಸಾಕು, ಎರಡು ಕಂಪನಿಗಳ ನಡುವೆ ತೀರ್ಪು ಹೇಳಲು ಸಾಲದು. ದಿನವೂ ಓಡುವ ಕಾರಿಗೆ 300ರ ಆಸುಪಾಸು ನನಗೆ ಹಿಡಿಸುತ್ತದೆ.

ಅವನ ಕಾರಿನಲ್ಲಿ ಸ್ಟೆಪ್ನಿ ಇರಲಿಲ್ಲ. ಹಳೆಯವು ರನ್‌ಫ್ಲಾಟ್ ಟೈರುಗಳು. ಗಾಳಿ ಪೂರ್ತಿ ಹೋದರೂ 80 ಕಿ.ಮೀ. ವೇಗ ಮೀರದೆ ಸುಮಾರು 80 ಕಿ.ಮೀ. ದೂರ ಸಾಗಿಸುವ ಗಟ್ಟಿ ಪಕ್ಕೆ ಅವುಗಳದು. ಆ ಗಟ್ಟಿತನದ ಪೆಟ್ಟು ದಿನವೂ ಬೆನ್ನಿಗೆ ಬೀಳುತ್ತದೆ. ಊರೊಳಗೆ ಓಡುವವರು ಸಾಮಾನ್ಯ ಟೈರಿಗೆ ಬಂದುಬಿಡಿ ಎನ್ನುವವನು ನಾನು. ಆದರೆ ಈ ಹುಡುಗ ಎರಡು ತಿಂಗಳಿಗೊಮ್ಮೆ ರಾತ್ರಿ ಒಬ್ಬನೇ ಧಾರವಾಡಕ್ಕೆ ಹೊರಡುವವನು. ಖಂಬಾಟಕಿ ಘಾಟಿನಲ್ಲಿ ನಡುರಾತ್ರಿ ಪಕ್ಕೆ ಹರಿದರೆ ಡಿಕ್ಕಿಯಲ್ಲಿಟ್ಟ ಪಂಚರ್ ದ್ರಾವಣ ಉಪಯೋಗಕ್ಕೆ ಬರುವುದಿಲ್ಲ. ಬಹಳ ಹೊತ್ತು ಯೋಚಿಸಿ ಸಾಮಾನ್ಯ ಟೈರನ್ನೇ ಆರಿಸಿದ. ಊರಿಗೆ ಹಗಲು ಹೊರಡುತ್ತೇನೆ ಎಂದ.

ನೈಟ್ರೋಜನ್ ತುಂಬಿಸಲೇ ಎಂದೂ ಕೇಳಿದ. ನಾವು ಉಸಿರಾಡುವ ಗಾಳಿಯಲ್ಲೇ ಅದು ಶೇಕಡಾ 78 ಇದೆ. ಪುಕ್ಕಟೆ ಸಿಗುವುದನ್ನೇ ಹದಿನೈದು ದಿನಕ್ಕೊಮ್ಮೆ, ಟೈರು ತಣ್ಣಗಿರುವಾಗ, ಬಾಗಿಲ ಕಂಬದ ಚೀಟಿಯಲ್ಲಿರುವಷ್ಟು ಹಾಕಿಸು ಎಂದೆ.

17 ಇಂಚಿನ ಹಳೆಯ ರಿಮ್ಮುಗಳು ಪಿಂಪರಿಯ ಕಡೆ ನಾಲ್ಕೂ ಸಿಕ್ಕವು. ಚಕ್ರಗಳ ಕೋನ ಸರಿಪಡಿಸುವ ಅಲೈನ್‌ಮೆಂಟ್ ಮುಗಿಸಿ ಕಳಿಸುವಾಗ, ಹೊಸ ರಬ್ಬರಿನ ಮೇಲ್ಮೈ ಜಾರುತ್ತದೆ, ಮೊದಲ 300 ಕಿ.ಮೀ. ಸಾವಕಾಶ ಎಂದು ಎರಡು ಸಲ ಹೇಳಿದೆ. ಸೆಪ್ಟೆಂಬರ್‌ನಲ್ಲಿ ತೋರಿಸಲು ಬಂದ. ಒಳ ಅಂಚು, ಹೊರ ಅಂಚು ಎರಡರಲ್ಲೂ ಗೇಜ್ ಇಟ್ಟೆ. ಎರಡೂ ಕಡೆ 6.5. ಮುಂದಿನ ಎಡ ರಿಮ್ಮಿನಲ್ಲಿ ಸಣ್ಣ ತಗ್ಗು ಇತ್ತು, ಟೈರಿಗೆ ಏನೂ ಆಗಿರಲಿಲ್ಲ. 18 ಇಂಚಿನ ಆ ರಿಮ್ಮುಗಳನ್ನು ಮಾರಿಲ್ಲವಂತೆ, ಬಾಲ್ಕನಿಯಲ್ಲಿ ಬಟ್ಟೆ ಮುಚ್ಚಿ ಇಟ್ಟಿದ್ದಾನೆ.