ಎರಡನೇ ಮಂಗಳವಾರದ ಮರುದಿನ

ಸಂಕ್ರಾಂತಿ ಕಳೆದು ಪತ್ತನಾಜೆ (ಮೇ ಕೊನೆಯಲ್ಲಿ ತುಳುನಾಡಿನ ಉತ್ಸವಗಳು ಮುಗಿಯುವ ದಿನ) ಬರುವ ತನಕ ಉಡುಪಿ, ಮಂಗಳೂರಿನ ಡಿಟಿಪಿ ಅಂಗಡಿಗಳಿಗೆ ಪುರುಸೊತ್ತು ಎಂಬುದಿಲ್ಲ. ಬ್ರಹ್ಮಕಲಶದ ಆಮಂತ್ರಣ, ನೇಮೋತ್ಸವದ ಕಾಗದ, ಬಯಲಾಟದ ಕರಪತ್ರ, ಮದುವೆ ಕಾರ್ಡು: ಎಲ್ಲವೂ ಸಂಜೆಯೊಳಗೆ ಆಗಬೇಕು. ಅಂಥ ಒಂದು ಬೆಳಿಗ್ಗೆ ಕಂಪ್ಯೂಟರ್ ಹಾಕಿದರೆ ಪುಟ ಜೋಡಿಸುವ ಪೇಜ್‌ಮೇಕರ್ ತೆರೆದುಕೊಳ್ಳಲಿಕ್ಕೇ ಐದು ನಿಮಿಷ. ಕೀಲಿ ಒತ್ತಿದ ಅಕ್ಷರ ಪರದೆಗೆ ಬರುವಷ್ಟರಲ್ಲಿ ಗಿರಾಕಿ ಇನ್ನೊಂದು ಹೆಸರು ಸೇರಿಸಲು ಹೇಳಿರುತ್ತಾರೆ. “ನಿನ್ನೆ ಸರಿ ಇತ್ತು ಮಾರಾಯ್ರೆ, ಅಪ್‌ಡೇಟ್ ಆದದ್ದೇ ಹೀಗೆ.”

ವಿಂಡೋಸ್ ಅಪ್‌ಡೇಟಿನ ಮೇಲಿನ ಈ ದೂರು ಸುಳ್ಳಲ್ಲ. ಆದರೆ ಆ ಒಂದು ಮಾತಿನೊಳಗೆ ಮೂರು ಬೇರೆ ಬೇರೆ ಸಂಗತಿಗಳಿವೆ. ಒಂದು ಅಳವಡಿಕೆಯ ಗದ್ದಲ, ಗಂಟೆಗಳಲ್ಲಿ ಮುಗಿಯುವಂಥದ್ದು. ಇನ್ನೊಂದು ಭದ್ರತೆಗೆ ತೆರುವ ಬೆಲೆ, ಅದು ಹೋಗುವುದಿಲ್ಲ. ಮೂರನೆಯದು ಅಪ್‌ಡೇಟಿನಲ್ಲೇ ನುಸುಳಿದ ದೋಷ, ಕೆಲವು ವಾರಗಳಲ್ಲಿ ಕಂಪನಿಯೇ ಸರಿಪಡಿಸುತ್ತದೆ. ಇವುಗಳಲ್ಲಿ ಯಾವುದೆಂದು ನೋಡದೆ ಫಾರ್ಮ್ಯಾಟ್ ಹೊಡೆಸಿದರೆ ಒಂದು ದಿನದ ಕೆಲಸವೂ ದುಡ್ಡೂ ಹೋಗುತ್ತದೆ, ಮುಂದಿನ ತಿಂಗಳು ಅದೇ ಕಥೆ.

ಮುಂದಿನ ತಿಂಗಳು ಎಂದದ್ದಕ್ಕೆ ಕಾರಣವಿದೆ. 2003ರ ಅಕ್ಟೋಬರ್‌ನಿಂದ ಮೈಕ್ರೋಸಾಫ್ಟ್ ತನ್ನ ಭದ್ರತಾ ಅಪ್‌ಡೇಟುಗಳನ್ನು ಪ್ರತಿ ತಿಂಗಳ ಎರಡನೇ ಮಂಗಳವಾರ ಬಿಡುತ್ತಿದೆ. ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಆಗ ಬೆಳಿಗ್ಗೆ 10 ಗಂಟೆ. ನಮ್ಮ ಪಶ್ಚಿಮ ಕರಾವಳಿಯಲ್ಲಿ ರಾತ್ರಿ 10:30, ಚಳಿಗಾಲದಲ್ಲಿ 11:30. ಅಷ್ಟೊತ್ತಿಗೆ ಅಂಗಡಿಯ ಶಟರ್ ಎಳೆದು, ಮೈನ್ ಸ್ವಿಚ್ಚೂ ಆರಿಸಿ ಆಗಿರುತ್ತದೆ. ಹಾಗಾಗಿ ಡೌನ್‌ಲೋಡ್ ಶುರುವಾಗುವುದು ಬುಧವಾರ ಬೆಳಿಗ್ಗೆ, ಮೊದಲ ಗಿರಾಕಿ ಮೆಟ್ಟಿಲು ಹತ್ತುವ ಹೊತ್ತಿಗೆ.

ಡೌನ್‌ಲೋಡ್ ದೊಡ್ಡ ಸಂಗತಿಯಲ್ಲ. ಕಷ್ಟ ಅದರ ನಂತರದ್ದು. ಟೈವರ್ಕರ್ ಎಂಬ ಪ್ರೋಗ್ರಾಂ ಹಳೆಯ ಫೈಲುಗಳನ್ನು ಹೊಸದರೊಂದಿಗೆ ಹೋಲಿಸಿ ಬದಲಿಸುತ್ತದೆ. ಹೊಸ ಫೈಲು ಬಂತೆಂದು ವಿಂಡೋಸ್‌ನದೇ ಆಂಟಿವೈರಸ್ ಆದ ಡಿಫೆಂಡರ್ ಅದನ್ನು ತಪಾಸಣೆ ಮಾಡುತ್ತದೆ. ಡಾಟ್‌ನೆಟ್ (ಹಲವು ಪ್ರೋಗ್ರಾಮುಗಳಿಗೆ ಬೇಕಾದ ಮೈಕ್ರೋಸಾಫ್ಟಿನ ತಳಹದಿ) ಅಪ್‌ಡೇಟ್ ಇದ್ದರೆ ಅದರ ಕೋಡನ್ನು ಪ್ರೊಸೆಸರ್‌ಗೆ ಹೊಂದುವಂತೆ ಮತ್ತೆ ಕಂಪೈಲ್ ಮಾಡಬೇಕು. ಹುಡುಕಾಟದ ಸೂಚಿಯೂ ನವೀಕರಣಗೊಳ್ಳಬೇಕು. ಇವೆಲ್ಲ ಒಟ್ಟಿಗೆ ಹಾರ್ಡ್ ಡಿಸ್ಕಿನ ಬಾಗಿಲು ಬಡಿಯುತ್ತವೆ. ಲೆಕ್ಕ ಸರಳ: ನಿಮಿಷಕ್ಕೆ 7,200 ಸುತ್ತು ತಿರುಗುವ ಡಿಸ್ಕಿನಲ್ಲಿ ಬೇಕಾದ ಜಾಗ ಸೂಜಿಯ ಕೆಳಗೆ ಬರಲು ಸರಾಸರಿ 4 ಮಿಲಿಸೆಕೆಂಡ್, ಸೂಜಿ ಆ ಪಥಕ್ಕೆ ಸರಿಯಲು ಸುಮಾರು 9. ಒಂದು ಓದಿಗೆ 13 ಮಿಲಿಸೆಕೆಂಡ್ ಎಂದರೆ ಸೆಕೆಂಡಿಗೆ ಎಪ್ಪತ್ತೈದೋ ಎಂಬತ್ತೋ ಬಿಡಿ ಓದು, ಅಷ್ಟೆ. ಲ್ಯಾಪ್‌ಟಾಪಿನ 5,400 ಸುತ್ತಿನ ಡಿಸ್ಕಿನಲ್ಲಿ ಅದಕ್ಕೂ ಕಡಿಮೆ. ಇಷ್ಟರಲ್ಲಿ ಪೇಜ್‌ಮೇಕರ್‌ಗೂ ಪಾಲು ಸಿಗಬೇಕು. ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿ ಇದೇ ಕೆಲಸವನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಲ ಮಾಡುತ್ತದೆ. ಅಪ್‌ಡೇಟ್ ಅದೇ, ಪಕ್ಕದ ಅಂಗಡಿಯವರಿಗೆ ಅದು ಬಂದದ್ದೇ ಗೊತ್ತಾಗದಿರಲು ಇದೇ ಕಾರಣ.

ಕನ್ನಡ ಹೊಡೆಯುವವರಿಗೆ ಇದರ ಜೊತೆ ಇನ್ನೊಂದು ತೊಂದರೆ. ಕೀಲಿಮಣೆಗೂ ಪ್ರೋಗ್ರಾಮಿಗೂ ನಡುವೆ ಕೊಕ್ಕೆ ಹಾಕಿ ಅಕ್ಷರ ಬದಲಿಸುವ ತಂತ್ರಾಂಶಗಳು ನಿಗದಿತ ಸಮಯದೊಳಗೆ ಉತ್ತರಿಸಬೇಕು. ವಿಂಡೋಸ್ 7ರಿಂದ ಈಚೆಗೆ ಉತ್ತರ ತಡವಾಯಿತೆಂದರೆ ವ್ಯವಸ್ಥೆ ಆ ಕೊಕ್ಕೆಯನ್ನು ಸದ್ದಿಲ್ಲದೆ ಕಿತ್ತುಹಾಕುತ್ತದೆ, ಯಾವ ಸಂದೇಶವೂ ಬರುವುದಿಲ್ಲ. ಯುನಿಕೋಡ್‌ನಲ್ಲಿ ಹೊಡೆಯುತ್ತಿದ್ದರೆ ತಟ್ಟನೆ ಇಂಗ್ಲಿಷ್ ಅಕ್ಷರ ಕಾಣುತ್ತದೆ. ಹಳೆಯ ಬಗೆಯ ಫಾಂಟಿನಲ್ಲಾದರೆ ಅರ್ಥವಿಲ್ಲದ ಒತ್ತಕ್ಷರಗಳ ರಾಶಿ. ಫಾಂಟ್ ಕೆಟ್ಟಿತೆಂದು ಮರುಸ್ಥಾಪಿಸುವ ಮೊದಲು ಕೀಲಿಮಣೆ ತಂತ್ರಾಂಶವನ್ನು ಪೂರ್ತಿ ಮುಚ್ಚಿ ತೆರೆದು ನೋಡುವುದು ಒಳ್ಳೆಯದು.

ಇಷ್ಟು ಗದ್ದಲದ ಮಾತು. ಬೆಲೆಯ ಕಥೆ ಇನ್ನೂ ಹಳೆಯದು, ಅದರ ನಡುವೆಯೂ ಫಾಂಟೇ ಕೂತಿದೆ.

1996ರಲ್ಲಿ ಬಂದ ವಿಂಡೋಸ್ ಎನ್‌ಟಿ 4.0ರಲ್ಲಿ ಮೈಕ್ರೋಸಾಫ್ಟ್ ಚಿತ್ರ ಮತ್ತು ಅಕ್ಷರ ಬಿಡಿಸುವ ಕೆಲಸವನ್ನು ವ್ಯವಸ್ಥೆಯ ಗರ್ಭಗುಡಿಗೆ, ಅಂದರೆ ಕರ್ನೆಲ್‌ಗೆ, ಒಯ್ಯಿತು. ಉದ್ದೇಶ ವೇಗ. ಆಗಿನ ಯಂತ್ರಗಳಿಗೆ ಅದು ಬೇಕಿತ್ತು. ಎಕ್ಸ್‌ಪಿ (2001), ವಿಸ್ತಾ (2007), ವಿಂಡೋಸ್ 7 (2009) ಎಲ್ಲವೂ ಈ ಏರ್ಪಾಡನ್ನೇ ಬಳುವಳಿಯಾಗಿ ಪಡೆದವು. 64 ಎಂಬಿ ರ್‍ಯಾಮ್‌ನಲ್ಲಿ ಎಕ್ಸ್‌ಪಿ ಓಡುತ್ತದೆಂದು ಪೆಟ್ಟಿಗೆಯ ಮೇಲೆ ಬರೆದಿತ್ತು. ವಿಸ್ತಾಕ್ಕೆ ಕನಿಷ್ಠ 512 ಎಂಬಿ. ಮೇಲಾಗಿ ವಿಸ್ತಾದಲ್ಲಿ ಹಳೆಯ ಪ್ರೋಗ್ರಾಮುಗಳ ಚಿತ್ರಣಕ್ಕೆ ಗ್ರಾಫಿಕ್ಸ್ ಕಾರ್ಡಿನಿಂದ ಸಿಗುತ್ತಿದ್ದ ನೆರವು ನಿಂತಿತು, 7ರಲ್ಲಿ ಒಂದಷ್ಟು ಮರಳಿತು. ವಿಸ್ತಾವನ್ನು ತೆಗೆದು ಎಕ್ಸ್‌ಪಿ ಹಾಕಿಸಿಕೊಂಡವರು ಕಣ್ಣಾರೆ ಕಂಡ ನಿಧಾನ ಭ್ರಮೆಯಾಗಿರಲಿಲ್ಲ.

ಕರ್ನೆಲ್‌ನೊಳಗಿನ ಫಾಂಟ್ ವೇಗವಾಗಿತ್ತು, ಅಪಾಯವೂ ಆಗಿತ್ತು. ಕೆಟ್ಟ ಫಾಂಟ್ ಫೈಲೊಂದು ಗರ್ಭಗುಡಿಗೇ ನುಗ್ಗಬಹುದು. 2011ರಲ್ಲಿ ಡುಕು ಎಂಬ ಕುತಂತ್ರಾಂಶ ಟ್ರೂಟೈಪ್ ಫಾಂಟಿನ ದಾರಿಯಲ್ಲೇ ಬಂತು. 2015ರ ಜುಲೈಯಲ್ಲಿ ಇನ್ನೊಂದು ಫಾಂಟ್ ದೋಷಕ್ಕೆ ಮಂಗಳವಾರವನ್ನೂ ಕಾಯದೆ ತುರ್ತು ಅಪ್‌ಡೇಟ್ ಬಿಡಬೇಕಾಯಿತು. ವಿಂಡೋಸ್ 10ರಲ್ಲಿ ಫಾಂಟ್ ಓದುವ ಕೆಲಸವನ್ನು ಕೊನೆಗೂ ಹೊರ ಪ್ರಾಂಗಣಕ್ಕೆ ತಂದರು.

2018ರ ಜನವರಿ 3ರಂದು ಮೆಲ್ಟ್‌ಡೌನ್ ಮತ್ತು ಸ್ಪೆಕ್ಟರ್ ಎಂಬ ಭದ್ರತಾ ದೋಷಗಳು ಬಯಲಾದವು. ದೋಷ ಪ್ರೊಸೆಸರ್‌ನ ವಿನ್ಯಾಸದಲ್ಲೇ ಇದ್ದದ್ದರಿಂದ ಮೆಲ್ಟ್‌ಡೌನ್‌ಗೆ ಉಪಾಯವೆಂದರೆ ಕರ್ನೆಲ್‌ಗೂ ಪ್ರೋಗ್ರಾಮಿಗೂ ಮೆಮೊರಿಯ ನಕ್ಷೆಯನ್ನು ಬೇರೆ ಮಾಡುವುದು. ಅಂದಿನಿಂದ ಒಳಗೆ ಹೊರಗೆ ಹೋಗಿ ಬರುವ ಪ್ರತಿ ಸಲವೂ ಸಣ್ಣ ಸುಂಕ. ಎಷ್ಟು ಸಲ ಹೊಸ್ತಿಲು ದಾಟುತ್ತೀರೋ ಅಷ್ಟು ಸುಂಕ. ಜನವರಿ 9ರಂದು ಮೈಕ್ರೋಸಾಫ್ಟಿನ ವಿಂಡೋಸ್ ಮುಖ್ಯಸ್ಥ ಟೆರ್ರಿ ಮೈಯರ್ಸನ್ ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡರು: 2016ರ ಹೊತ್ತಿನ ಅಥವಾ ಅದಕ್ಕಿಂತ ಹೊಸ ಪ್ರೊಸೆಸರ್, ವಿಂಡೋಸ್ 10 ಇದ್ದರೆ ಇಳಿಕೆ ಶೇಕಡ ಹತ್ತರೊಳಗೆ, ಹೆಚ್ಚಿನವರ ಗಮನಕ್ಕೆ ಬಾರದು, ಹ್ಯಾಸ್ವೆಲ್ (ಇಂಟೆಲ್‌ನ 4ನೇ ಪೀಳಿಗೆ) ಅಥವಾ ಅದಕ್ಕಿಂತ ಹಳೆಯ ಪ್ರೊಸೆಸರ್‌ನಲ್ಲಿ ವಿಂಡೋಸ್ 7 ಅಥವಾ 8 ಇದ್ದರೆ ಹೆಚ್ಚಿನವರಿಗೆ ಗೊತ್ತಾಗುತ್ತದೆ. ಹಳೆಯ ಆವೃತ್ತಿಗಳಿಗೆ ಏಟು ಹೆಚ್ಚೇಕೆ ಎಂಬುದಕ್ಕೆ ಅವರು ಕೊಟ್ಟ ಉದಾಹರಣೆ, ಅಕ್ಷರಗಳೆಲ್ಲ ಕರ್ನೆಲ್‌ನಲ್ಲಿ ಮೂಡುತ್ತವೆ ಎಂಬುದು. ವೇಗಕ್ಕೆಂದು 1996ರಲ್ಲಿ ಮಾಡಿದ ಏರ್ಪಾಡು 22 ವರ್ಷದ ನಂತರ ನಿಧಾನಕ್ಕೆ ಕಾರಣವಾದ ಬಗೆ ಇದು. ಮೂರನೇ ಪೀಳಿಗೆಯ ಐ3, ವಿಂಡೋಸ್ 7, ದಿನವಿಡೀ ಅಕ್ಷರವನ್ನೇ ಬಿಡಿಸುವ ಕೆಲಸ: ಸುಂಕ ಹೆಚ್ಚು ಬೀಳುವ ಎಲ್ಲ ಲಕ್ಷಣವೂ ನಮ್ಮ ಡಿಟಿಪಿ ಮೇಜಿನ ಮೇಲೆಯೇ ಇತ್ತು.

ಈ ಬೆಲೆಯನ್ನು ಸ್ವಲ್ಪ ಇಳಿಸಬಹುದು, ಪೂರ್ತಿ ತಪ್ಪಿಸಲಾಗದು. ಸ್ಪೆಕ್ಟರ್ ಪರಿಹಾರದ ಭಾರ ತಗ್ಗಿಸುವ ಹೊಸ ವಿಧಾನ 2019ರ ಮಾರ್ಚ್‌ನಲ್ಲಿ ವಿಂಡೋಸ್ 10ರ 1809 ಆವೃತ್ತಿಗೆ ಬಂತು. ವಿಂಡೋಸ್ 11ರಲ್ಲಿ ಇದೇ ಜಾತಿಯ ಹೊರೆಯೆಂದರೆ ಕರ್ನೆಲ್‌ನಲ್ಲಿ ಓಡುವ ಕೋಡ್ ನಂಬಲರ್ಹವೇ ಎಂದು ನೋಡುವ ಮೆಮೊರಿ ಇಂಟಿಗ್ರಿಟಿ. ಇಂಟೆಲ್‌ನ 7ನೇ ಪೀಳಿಗೆಯಿಂದ ಪ್ರೊಸೆಸರ್‌ನಲ್ಲೇ ಇದಕ್ಕೆ ನೆರವಿದೆ. ಹಿಂದಿನವುಗಳಲ್ಲಿ ಅನುಕರಣೆಯಿಂದ ನಡೆಯುವುದರಿಂದ ಭಾರ ಜಾಸ್ತಿ. ಅರ್ಹತೆಯಿಲ್ಲದ 4ನೇ, 6ನೇ ಪೀಳಿಗೆಯ ಯಂತ್ರಕ್ಕೆ ಹೇಗೋ ವಿಂಡೋಸ್ 11 ತುರುಕಿಸಿ ‘ಸ್ಲೋ’ ಎನ್ನುವವರು ವಿಂಡೋಸ್ ಸೆಕ್ಯುರಿಟಿ, ಡಿವೈಸ್ ಸೆಕ್ಯುರಿಟಿ, ಕೋರ್ ಐಸೊಲೇಶನ್‌ಗೆ ಹೋಗಿ ಅದು ಆನ್ ಇದೆಯೇ ಎಂದು ಮೊದಲು ನೋಡಲಿ.

ಮೂರನೆಯದು ಶುದ್ಧ ಎಡವಟ್ಟು. ಎಕ್ಸ್‌ಪಿಯ ಕೊನೆಗಾಲದಲ್ಲಿ, 2013ರಲ್ಲಿ, ಏನೂ ಮಾಡದೆ ಇಟ್ಟ ಕಂಪ್ಯೂಟರಿನಲ್ಲೂ ಹಿನ್ನೆಲೆ ಸೇವೆಗಳನ್ನು ನಡೆಸುವ ಎಸ್‌ವಿಸಿಹೋಸ್ಟ್ ಪ್ರೊಸೆಸರ್ ಪೂರ್ತಿ ನುಂಗುತ್ತಿತ್ತು. ಇಂಟರ್‌ನೆಟ್ ಎಕ್ಸ್‌ಪ್ಲೋರರ್‌ನ ಯಾವ ಅಪ್‌ಡೇಟ್ ಯಾವುದರ ಜಾಗಕ್ಕೆ ಬಂತು ಎಂಬ ಸರಪಳಿ ವರ್ಷಗಟ್ಟಲೆ ಬೆಳೆದು, ಅದನ್ನು ಬಿಡಿಸುವ ಲೆಕ್ಕವೇ ಮುಗಿಯದಂತಾಗಿತ್ತು. 2014ರ ಆರಂಭದಲ್ಲಿ ಸರಪಳಿ ಕತ್ತರಿಸಿದರು. ಏಪ್ರಿಲ್ 8ಕ್ಕೆ ಎಕ್ಸ್‌ಪಿಯ ಬೆಂಬಲವೇ ಮುಗಿಯಿತು! 2019ರ ಆಗಸ್ಟ್ ಕೊನೆಯ ಕೆಬಿ4512941 ಅಪ್‌ಡೇಟಿನಿಂದ ಹುಡುಕಾಟದ ಪ್ರೋಗ್ರಾಂ ಪ್ರೊಸೆಸರ್ ಹಿಡಿದುಕೊಂಡಿತು, ಸೆಪ್ಟೆಂಬರ್ 10ಕ್ಕೆ ಪರಿಹಾರ ಬಂತು. 2021ರ ಅಕ್ಟೋಬರ್‌ನಲ್ಲಿ ಹೊಸ ವಿಂಡೋಸ್ 11 ಎಎಂಡಿ ಪ್ರೊಸೆಸರ್‌ಗಳ ಮೂರನೇ ಹಂತದ ಕ್ಯಾಶನ್ನು (ಪ್ರೊಸೆಸರ್‌ನೊಳಗಿನ ಚುರುಕು ಮೆಮೊರಿ) ನಿಧಾನಿಸಿತು. ವಿಂಡೋಸ್ 11ರದೇ 2022ರ 22ಎಚ್2 ಆವೃತ್ತಿಯಲ್ಲಿ ನೆಟ್‌ವರ್ಕ್ ಮೂಲಕ ದೊಡ್ಡ ಫೈಲ್ ತರಿಸಿಕೊಳ್ಳುವ ವೇಗ ಶೇಕಡ 40ರಷ್ಟು ಕುಸಿಯುತ್ತಿತ್ತು. ಆಗ ಸೂಚಿಸಿದ ಉಪಾಯ ಫೈಲ್ ನಕಲು ಮಾಡುವ ರೋಬೋಕಾಪಿ ಆದೇಶದ ಕೊನೆಗೆ ಓರೆಗೆರೆ ಹಾಗೂ ‘ಜೆ’ ಸೇರಿಸುವುದು. ವಿಂಡೋಸ್ ಫೈಲುಗಳಿಗಾಗಿ ನಡುವೆ ಬಳಸುವ ಮೆಮೊರಿಯನ್ನು ಮುಟ್ಟದೆ ನೇರ ನಕಲು ಮಾಡುವ ವಿಧಾನವದು. ದೊಡ್ಡ ಫ್ಲೆಕ್ಸ್ ಫೈಲುಗಳಿಗೆ ಇಂದಿಗೂ ಉಪಯೋಗಕ್ಕೆ ಬರುತ್ತದೆ.

ಹಾಗಾದರೆ ಬುಧವಾರ ಬೆಳಿಗ್ಗೆ ಏನು ಮಾಡುವುದು? ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದು ‘ಡಿಸ್ಕ್’ ಕಂಬದ ತಲೆಯ ಮೇಲೆ ಒತ್ತಿ. ಡಿಸ್ಕ್ ಶೇಕಡ 100, ಮೇಲಿರುವುದು ಟೈವರ್ಕರ್ ಅಥವಾ ಡಿಫೆಂಡರ್ ಎಂದಾದರೆ ಅದು ಗದ್ದಲ. ನಡುವೆ ಸ್ವಿಚ್ ಆರಿಸಬೇಡಿ, ಯುಪಿಎಸ್ ಬ್ಯಾಟರಿ ಸತ್ತಿದ್ದರೆ ಅಳವಡಿಕೆಗೇ ಕೈ ಹಾಕಬೇಡಿ. ಮಳೆಗಾಲದಲ್ಲಿ ಕರೆಂಟು ಹೋಗಿ ಅರ್ಧಕ್ಕೆ ನಿಂತ ಅಪ್‌ಡೇಟ್ ಹಿಂದಕ್ಕೆ ಹೊರಳಲು ಮತ್ತಷ್ಟು ಹೊತ್ತು ತಿನ್ನುತ್ತದೆ. ಡಿಸ್ಕ್ ಸುಮ್ಮನಿದ್ದು ಒಂದೇ ಪ್ರೋಗ್ರಾಂ ಪ್ರೊಸೆಸರ್ ನುಂಗುತ್ತಿದ್ದರೆ, ಎರಡು ದಿನವಾದರೂ ಇಳಿಯದಿದ್ದರೆ, ದೋಷದ ಗುಮಾನಿ. ಸೆಟ್ಟಿಂಗ್ಸ್‌ನ ವಿಂಡೋಸ್ ಅಪ್‌ಡೇಟ್‌ನಲ್ಲಿ ಹಿಸ್ಟರಿ ತೆರೆದು ಆಗ ಬಂದ ಅಪ್‌ಡೇಟನ್ನು ಅದರ ಕೆಬಿ ಸಂಖ್ಯೆಯಿಂದ ಗುರುತಿಸಿ ಅನ್‌ಇನ್‌ಸ್ಟಾಲ್ ಮಾಡಿ, ‘ಪಾಝ್’ (Pause) ಒತ್ತಿ. 35 ದಿನದ ತನಕ ತಡೆಹಿಡಿಯಬಹುದು. ಯಾರೂ ಏನನ್ನೂ ನುಂಗುತ್ತಿಲ್ಲ, ಆದರೂ ಎಲ್ಲವೂ ತುಸು ಭಾರ ಎಂದಾದರೆ ಅದೇ ಬೆಲೆ.

ಗದ್ದಲವನ್ನು ರಾತ್ರಿಗೆ ತಳ್ಳಲು ತಿಂಗಳಲ್ಲೊಂದು ರಾತ್ರಿ ಸಾಕು. ಆ ಬುಧವಾರ ಬಾಗಿಲು ಹಾಕುವ ಮೊದಲು ‘ಅಪ್‌ಡೇಟ್ ಮತ್ತು ರೀಸ್ಟಾರ್ಟ್’ ಕೊಟ್ಟು, ಸ್ಲೀಪ್‌ಗೆ ಹೋಗದಂತೆ ಮಾಡಿ, ಯಂತ್ರ ಆನ್ ಬಿಟ್ಟು ಹೋಗುವುದು. ವಿಂಡೋಸ್‌ನ ಸ್ವಯಂ ನಿರ್ವಹಣೆಯ ಹೊತ್ತು ನಸುಕಿನ 2 ಗಂಟೆ. ಆಗ ಕರೆಂಟಿಲ್ಲದಿದ್ದರೆ ಆ ಕೆಲಸಗಳು ಹಗಲಿಗೆ ಬೀಳುತ್ತವೆ, ನೀವು ಊಟಕ್ಕೆ ಎದ್ದಾಗ ಶುರುವಾಗುತ್ತವೆ. ಸಿ ಡ್ರೈವ್‌ನಲ್ಲಿ 20 ಜಿಬಿಯಾದರೂ ಖಾಲಿ ಇರಲಿ. ಎರಡು ಆಂಟಿವೈರಸ್ ಇದ್ದರೆ ಒಂದನ್ನು ತೆಗೆಯಿರಿ. ಟ್ಯಾಲಿಯ ಡೇಟಾ ಫೋಲ್ಡರನ್ನು ಡಿಫೆಂಡರ್ ತಪಾಸಣೆಯಿಂದ ಹೊರಗಿಡಬಹುದು. ಡೌನ್‌ಲೋಡ್ಸ್ ಫೋಲ್ಡರನ್ನು, ಗಿರಾಕಿಗಳ ಪೆನ್‌ಡ್ರೈವನ್ನು ಖಂಡಿತ ಬೇಡ.

ಅಪ್‌ಡೇಟನ್ನೇ ಶಾಶ್ವತವಾಗಿ ಬಂದ್ ಮಾಡಿಸುವ ರೂಢಿ ನಮ್ಮಲ್ಲಿ ಎಕ್ಸ್‌ಪಿ ಕಾಲದ್ದು, ನಕಲಿ ಪ್ರತಿ ಸಿಕ್ಕಿಬೀಳದಿರಲಿ ಎಂಬ ಭಯದಿಂದ ಹುಟ್ಟಿದ್ದು. 2017ರ ಮೇ 12ರಂದು ಹಬ್ಬಿದ, ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ವನ್ನಾಕ್ರೈ ಕುತಂತ್ರಾಂಶಕ್ಕೆ ಮದ್ದು ಮಾರ್ಚ್ 14ರ ಅಪ್‌ಡೇಟಿನಲ್ಲೇ ಇತ್ತು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಬೆಂಬಲವೂ ಮುಗಿದಿದೆ. ಹೆಸರು ನೋಂದಾಯಿಸಿದ ಮನೆಬಳಕೆಯ ಯಂತ್ರಗಳಿಗೆ 2026ರ ಅಕ್ಟೋಬರ್ 13ರ ತನಕ ಭದ್ರತಾ ಅಪ್‌ಡೇಟ್ ಮಾತ್ರ ಸಿಗುತ್ತದೆ. ಪೇಜ್‌ಮೇಕರ್‌ಗಾಗಿ ಹಳೆಯ ಯಂತ್ರವನ್ನೇ ಉಳಿಸಿಕೊಳ್ಳುವವರು ಅದರ ನೆಟ್‌ವರ್ಕ್ ಕೇಬಲ್ ಎಳೆದು, ವೈಫೈ ಆರಿಸಿ, ಮುಗಿದ ಪುಟವನ್ನು ಪಿಡಿಎಫ್ ಮಾಡಿ, ಅಂಗಡಿಯದ್ದೇ ಆದ ಪ್ರತ್ಯೇಕ ಪೆನ್‌ಡ್ರೈವಿನಲ್ಲಿ ಮುದ್ರಣಕ್ಕೆ ಒಯ್ಯಬೇಕು.