೧೨ ಅಂದ್ರೆ ಅಂಕಿ ಅಲ್ವಂತೆ!

ದೀಪಾವಳಿಗೆ ಶಿರಸಿ ಮನೆಗೆ ಬಂದ ಅಳಿಯ ಹೊಸದಾಗಿ ರಸ್ಟ್ ಅನ್ನೋ ಪ್ರೋಗ್ರಾಮಿಂಗ್ ಭಾಷೆ ಕಲೀತಿದ್ದಾನೆ, ಅಡಿಕೆ ಲೆಕ್ಕದ್ದೊಂದು ಸಣ್ಣ ಪ್ರೋಗ್ರಾಮ್ ಬರ್ದಿದ್ದ. ಎಷ್ಟು ಕ್ವಿಂಟಲ್ ಕೇಳತ್ತೆ, ದರ ಕೇಳತ್ತೆ, ಗುಣಿಸಿ ಹೇಳತ್ತೆ, ಅಷ್ಟೇ. ಅಪ್ಪಯ್ಯ ಕನ್ನಡ ಕೀಬೋರ್ಡಲ್ಲಿ ೧೨ ಒತ್ತಿ ಎಂಟರ್ ಹೊಡೆದ್ರು, ಪ್ರೋಗ್ರಾಮ್ ಪ್ಯಾನಿಕ್ ಆಗಿ ಬಿತ್ತು. ಇನ್‌ವ್ಯಾಲಿಡ್ ಡಿಜಿಟ್ ಅಂತ ಬೈಗುಳ ಬೇರೆ. "ಹನ್ನೆರಡು ಅಲ್ದನೋ ಇದು?" ಅಂತ ಅಪ್ಪಯ್ಯ. "ಅಮಾಸೆ ದಿನ ಶುರು ಮಾಡಿದ್ರೆ ಹಿಂಗೇಯ" ಅಂತ ಒಳಗಿಂದ ಆಯಿ.

ಅಮಾಸೆ ಏನೂ ಮಾಡಿಲ್ಲ ಮಾರಾಯ್ರೆ. ರಸ್ಟಲ್ಲಿ ಒಂದು ಅಕ್ಷರವನ್ನ ಈಸ್-ನ್ಯುಮರಿಕ್ ಅಂತ ಕೇಳಿದ್ರೆ ೧ನ್ನೂ ಅಂಕಿ ಅಂತ್ಲೇ ಒಪ್ಪತ್ತೆ, ಆದ್ರೆ ಒತ್ತಿದ ಅಕ್ಷರಗಳನ್ನ ಸಂಖ್ಯೆ ಮಾಡೋ ಪಾರ್ಸ್‌ಗೆ ಗೊತ್ತಿರೋದು 0ಯಿಂದ 9 ಮಾತ್ರ. ಮತ್ತೆ ಪಾರ್ಸ್ ಕೊಡೋದು ನೇರ ಸಂಖ್ಯೆ ಅಲ್ಲ, ರಿಸಲ್ಟ್ ಅನ್ನೋ ಬಾಯಿ ಕಟ್ಟಿದ ಚೀಲ. ಒಳಗೆ ಓಕೆ ಇದ್ರೆ ಸಂಖ್ಯೆ, ಎರರ್ ಇದ್ರೆ ಯಾಕಾಗ್ಲಿಲ್ಲ ಅನ್ನೋ ಚೀಟಿ. ಅಳಿಯ ಬಳಸಿದ್ದ ಅನ್‌ರ್ಯಾಪ್ ಅಂದ್ರೆ ಒಳಗಿರೋದು ಚಾಲಿನೇ (ಒಳ್ಳೆ ಒಣ ಅಡಿಕೆ) ಅಂತ ಆಣೆ ಹಾಕಿ ಸುರಿಯೋದು, ಬಿಳೆಗೋಟು (ಕಳಪೆ ಅಡಿಕೆ) ಬಿದ್ರೆ ಅಂಗಡಿಗೇ ಬೀಗ. ಮ್ಯಾಚ್ ಅಂದ್ರೆ ಬಾಯಿ ಬಿಚ್ಚಿ ನೋಡಿ ಚಾಲಿ ಈ ಕಡೆ, ಬಿಳೆಗೋಟು ಆ ಕಡೆ, ಮತ್ತೆ ಬಿಳೆಗೋಟಿಗೆ ಜಾಗನೇ ಇಡ್ಲಿಲ್ಲ ಅಂದ್ರೆ ಕಂಪೈಲರ್ (ಬರೆದ ಕೋಡನ್ನ ಓಡೋ ಹಾಗೆ ಮಾಡೋದು) ಪ್ರೋಗ್ರಾಮನ್ನ ಹೊರಗೇ ಬಿಡಲ್ಲ, ನಂಗೆ ರಸ್ಟ್ ಹಿಡಿಸಿದ್ದೇ ಇದಕ್ಕೆ.

ಓಕೆ ಬಂತು ಅಂತ ನಂಬಿ ಕೂರೋ ಹಾಗೂ ಇಲ್ಲ. ಕಾರವಾರದ ಹತ್ರ ಅರ್ಗಾದ ನೌಕಾನೆಲೆ ದಾಟುವಾಗೆಲ್ಲ ನಂಗೆ 1997ರ ಅಮೆರಿಕದ ಯಾರ್ಕ್‌ಟೌನ್ ಯುದ್ಧನೌಕೆ ನೆನಪಾಗತ್ತೆ: ಸಿಬ್ಬಂದಿಯೊಬ್ಬ ಡೇಟಾಬೇಸಲ್ಲಿ ಸೊನ್ನೆ ತುಂಬಿದ, ಸೊನ್ನೆಯಿಂದ ಭಾಗಿಸೋಕೆ ಹೋಗಿ ಹಡಗಿನ ಕಂಪ್ಯೂಟರ್ ಜಾಲ ಕುಸಿದು, ಹಡಗೇ ನಡುನೀರಲ್ಲಿ ನಿಂತ್ಹೋಯ್ತು. ಸೊನ್ನೆ ಪಾರ್ಸ್‌ಗೆ ಚೊಕ್ಕ ಸಂಖ್ಯೆ, ಅದನ್ನ ಬೇರೇನೇ ತಡೀಬೇಕು.

ಅಳಿಯ ಮ್ಯಾಚ್ ಹಾಕಿ ಲೂಪಲ್ಲಿ ಮತ್ತೆ ಕೇಳೋ ಹಾಗೆ ಮಾಡಿದ. ಅಪ್ಪಯ್ಯ ಬೇಕಂತ್ಲೇ ಮತ್ತೆ ೧೨ ಒತ್ತಿದ್ರು, ಮತ್ತೆ ಹಾಕಿ ಅಂತು, ಸರಿ ಅಂತ 12 ಹಾಕಿದ್ರು, ಆಗ್ಲೂ ಮತ್ತೆ ಹಾಕಿ! ಈ ಸಲ ಆಯಿ ಬಾಗಿಲಿಗೇ ಬಂದು ನಿಂತ್ರು. ವಿಷ್ಯ ಏನಂದ್ರೆ ಒತ್ತಿದ ಸಾಲು ಓದೋ ರೀಡ್-ಲೈನ್ ಹಳೇ ಸ್ಟ್ರಿಂಗನ್ನ (ಮೊದ್ಲು ಓದಿಟ್ಟ ಅಕ್ಷರಗಳನ್ನ) ಅಳಿಸಲ್ಲ, ಅದರ ಬಾಲಕ್ಕೆ ಅಂಟಿಸತ್ತೆ, ಎಂಟರ್ ಒತ್ತಿದ ಗುರುತೂ ಸೇರಿ. ನಿನ್ನೆ ಸಾರಿನ ಪಾತ್ರೆಗೇ ಇವತ್ತಿನ ಸಾರು ಹೊಯ್ದ ಹಾಗೆ. ಖಾಲಿ ಜಾಗ, ಎಂಟರ್ ತೆಗೆಯೋ ಟ್ರಿಮ್ ಕತ್ತರಿಸೋದು ಎರಡು ತುದಿ ಮಾತ್ರ, ನಡುವಿನ ಎಂಟರ್ ಅಲ್ಲೇ ಇರತ್ತೆ, ಹಿಂದಿನ ೧೨ ಕೂಡ. ಪ್ರತಿ ಸುತ್ತಿಗೆ ಮೊದ್ಲು ಸ್ಟ್ರಿಂಗ್ ಖಾಲಿ ಮಾಡೋ ಒಂದು ಕ್ಲಿಯರ್ ಹಾಕಿದ್ಮೇಲೆ ಸರಿಹೋಯ್ತು.

ಅಪ್ಪಯ್ಯ ಈಗ "12 ಕ್ವಿಂಟಲ್" ಅಂತ ಪೂರ್ತಿ ಬರೀತಿದ್ದಾರೆ. ಮತ್ತೆ ಹಾಕಿ ಅನ್ನತ್ತೆ, ಸಾಯಲ್ಲ.