ಚಿತ್ರದುರ್ಗದ ಸುತ್ತಿನ ಕಾಲುದಾರಿಗಳನ್ನ ಜೋಡಿಸೋ ಮಾತು ಎಲ್ಲಿಂದ ಶುರುವಾಯ್ತು, ಎಲ್ಲಿ ಸಿಕ್ಕಾಕ್ಕೊಂಡಿದೆ

ಕೋಟೆಯಿಂದ ಚಂದ್ರವಳ್ಳಿ, ಅಲ್ಲಿಂದ ಜೋಗಿಮಟ್ಟಿ, ಮುಂದೆ ಹಿರಿಯೂರು ಕಡೆಗೆ ಮಾರಿಕಣಿವೆ, ಉತ್ತರಕ್ಕೆ ನಾಯಕನಹಟ್ಟಿ ಮೇಲೆ ಮೊಳಕಾಲ್ಮುರಿನ ಬ್ರಹ್ಮಗಿರಿ, ಇನ್ನೊಂದು ಕಡೆ ಜಗಳೂರಿನ ರಂಗಯ್ಯನದುರ್ಗ. ಇವನ್ನೆಲ್ಲ ಸೇರಿಸಿ ನಡೆಯೋರಿಗೆ ಒಂದು ದಾರಿಗಳ ಜಾಲ ಮಾಡೋಣ ಅನ್ನೋ ಮಾತು ಆಗಾಗ ಏಳುತ್ತೆ, ಹಾಗೇ ತಣ್ಣಗಾಗುತ್ತೆ. ಯಾಕಂದ್ರೆ ಒಂದೇ ದಾರಿಯಲ್ಲಿ ಪುರಾತತ್ವ ಇಲಾಖೆದೊಂದು ತುಂಡು, ಅರಣ್ಯದ್ದೊಂದು, ಕಂದಾಯದ್ದೊಂದು, ಪಂಚಾಯ್ತಿದೊಂದು, ಮಧ್ಯೆ ಯಾರದೋ ಹೊಲ.

ಈ ಸೀಮೆಯಲ್ಲಿ ನಡಿಗೆ ಹೊಸದಲ್ಲ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದಲ್ಲಿ ಅಶೋಕನ ಶಾಸನಗಳಿವೆ (1892ರಲ್ಲಿ ಶಾಸನತಜ್ಞ ಬಿ.ಎಲ್. ರೈಸ್ ಕಣ್ಣಿಗೆ ಬಿದ್ದವು), ಓಡಾಟ ಇಲ್ಲದ ಜಾಗದಲ್ಲಿ ರಾಜಾಜ್ಞೆ ಯಾರೂ ಕೆತ್ತಿಸಲ್ಲ. ಆಮೇಲೆ ನಾಯಕರ ಕಾಲ, 1779ರಲ್ಲಿ ಹೈದರಾಲಿ ಕೈಗೆ ಕೋಟೆ, ಮೈಸೂರು ಅರಸರ ಆಳ್ವಿಕೆ, 1907ಕ್ಕೆ ಮಾರಿಕಣಿವೆ ಅಣೆಕಟ್ಟು, 1997ರಲ್ಲಿ ದಾವಣಗೆರೆ ಬೇರೆ ಜಿಲ್ಲೆ. ಇಷ್ಟೆಲ್ಲ ಆಗೋವಾಗ ಕುರಿಮಂದೆ, ದೇವರ ಎತ್ತುಗಳು, ಜಾತ್ರೆಗೆ ಹೋಗೋ ಜನ ಅವರವರ ದಾರಿಯಲ್ಲಿ ನಡೀತಾನೇ ಇದ್ರು.

ಆ ದಾರಿಗಳಿಗೆ ಇವತ್ತಿಗೂ ದಾಖಲೆ ಇದೆ. ಊರಿನ ಗ್ರಾಮ ನಕಾಶೆ ತೆಗೆಸಿ ನೋಡಿ, ಒಂದೇ ಚುಕ್ಕೆ ಸಾಲು ಇದ್ರೆ ಕಾಲುದಾರಿ, ಎರಡು ಸಾಲು ಜೊತೆಗಿದ್ರೆ ಬಂಡಿದಾರಿ. ನೆಲದ ಮೇಲೆ ಹುಡುಕ್ಕೊಂಡು ಹೋದ್ರೆ ಮಾತ್ರ ಅರ್ಧ ಕಡೆ ತಂತಿಬೇಲಿ ಅಡ್ಡ ಬರುತ್ತೆ. ಬೋರ್‌ವೆಲ್ ಬಂತು, ಹೊಸದುರ್ಗ ಹಿರಿಯೂರು ಕಡೆ ದಾಳಿಂಬೆ, ಹೊಳಲ್ಕೆರೆ ಕಡೆ ಅಡಿಕೆ, ತೋಟ ಮಾಡಿದೋರು ಬೇಲಿ ಹಾಕ್ಲೇಬೇಕು, ಸಾಲ ಮಾಡಿ ಬೆಳೆಸಿದ ಗಿಡ ಅದು. ನಕಾಶೆಯಲ್ಲಿರೋ ದಾರಿ ಬಿಡಿಸಿಕೊಡಿ ಅಂತ ತಹಶೀಲ್ದಾರ್ ಹತ್ರ ಅರ್ಜಿ ಹಾಕಬಹುದು, ಆದ್ರೆ ಅಕ್ಕಪಕ್ಕದ ಹೊಲದವರ ಮೇಲೆ ಅರ್ಜಿ ಹಾಕಿ ಅದೇ ಊರಲ್ಲಿ ಬಾಳೋದು ಎಷ್ಟು ಕಷ್ಟ ಅಂತ ಹಳ್ಳಿಯವರಿಗೆ ಹೇಳ್ಬೇಕಾಗಿಲ್ಲ.

ಗಂಟು ಬಿಗಿಯಾಗಿರೋದು ಚಂದ್ರವಳ್ಳಿ–ಜೋಗಿಮಟ್ಟಿ ತುಂಡಲ್ಲಿ. ಚಂದ್ರವಳ್ಳಿಯಲ್ಲಿ ಭೈರವೇಶ್ವರ ಗುಡಿ ಬಾಗಿಲ ಹತ್ರದ ಬಂಡೆ ಮೇಲೆ ಕದಂಬರ ಮಯೂರಶರ್ಮ ಕೆರೆ ಕಟ್ಟಿಸಿದ ಶಾಸನ ಇದೆ, 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಉತ್ಖನನ ಮಾಡಿದ್ದು ಇಲ್ಲೇ. ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸದಾಗಿ ಏನೂ ಕಟ್ಟೋ ಹಾಗಿಲ್ಲ, ಅದರಾಚೆ ಇನ್ನೂ 200 ಮೀಟರ್‌ವರೆಗೆ ಅನುಮತಿ ಬೇಕು, ಅದು ಸರಿಯಾದ ಕಾನೂನೇ. ಹಾಗಾಗಿ ಇಲ್ಲಿ ಕಲ್ಲುಹಾಸು, ಕಮಾನು, ಲೈಟು ಅಂತ ಹೊರಡೋ ಪ್ಲಾನ್ ಮುಂದಕ್ಕೆ ಹೋಗಲ್ಲ. ಮಣ್ಣಿನ ದಾರಿ ಇದ್ದ ಹಾಗೇ ಇರಲಿ, ತಿರುವಲ್ಲಿ ಸಣ್ಣದೊಂದು ಗುರುತು ಇದ್ರೆ ಸಾಕು ಅಂದ್ರೆ ತಕರಾರು ಬಹಳ ಕಮ್ಮಿ ಆಗುತ್ತೆ.

ಜೋಗಿಮಟ್ಟಿ ಕಥೆ ಬೇರೆ. ಸೌದೆಗೆ, ಬಾದೆಹುಲ್ಲಿಗೆ, ಮೇವಿಗೆ ಹತ್ತಿಳಿಯೋ ದಾರಿ ಇದ್ದ ಗುಡ್ಡಕ್ಕೆ ಗಾಳಿಯಂತ್ರ ಬಂತು, ಅದರ ರೆಕ್ಕೆ ಸಾಗಿಸೋಕೆ ಅಗಲವಾದ ರಸ್ತೆ ಕಡಿದ್ರು, ಅದೇ ರಸ್ತೆ ಹಿಡಿದು ಶನಿವಾರ ಭಾನುವಾರ ಬೈಕುಗಳು ಬಂದವು, ಮಂಜು ನೋಡೋಕೆ ಬಂದೋರು ಪ್ಲಾಸ್ಟಿಕ್ ಬಿಟ್ಟು ಹೋದ್ರು, ಬೇಸಿಗೆಯಲ್ಲಿ ಬೆಂಕಿ. 2015ರಲ್ಲಿ ವನ್ಯಜೀವಿಧಾಮ ಆಯ್ತು, ಒಳಗೆ ಹೋಗೋಕೆ ಅನುಮತಿ ಬೇಕು ಅಂತಾಯ್ತು. ಕಾಡಿಗೆ ಇದರಿಂದ ಒಳ್ಳೇದೇ ಆಗಿದೆ. ಆದ್ರೆ ಕರಡಿ ಯಾವ ಗವಿಯಲ್ಲಿದೆ, ಸೀತಾಫಲ ಹಣ್ಣಾಗೋ ಹೊತ್ತಲ್ಲಿ ಯಾವ ಇಳಿಜಾರಿಗೆ ಹೋಗ್ಬಾರ್ದು, ಯಾವ ದೊಣೆಯಲ್ಲಿ ಮಾರ್ಚ್‌ವರೆಗೆ ನೀರು ನಿಲ್ಲುತ್ತೆ ಅಂತ ಗೊತ್ತಿರೋದು ಅಲ್ಲಿ ದನ ಮೇಯಿಸ್ತಿದ್ದ ಅಜ್ಜಂದಿರಿಗೆ. ದಾರಿ ಗುರುತು ಮಾಡೋ ಮೊದಲ ದಿನ ಜಿಪಿಎಸ್ ಹಿಡಿದೋರ ಮುಂದೆ ಅವರು ನಡೀಬೇಕಿತ್ತು, ಈ ಚರ್ಚೆಯಲ್ಲಿ ಅವರ ಹೆಸರು ಕೊನೆಗೆ ಬರುತ್ತೆ ಅನ್ನೋದು ನನಗೆ ನಿಜವಾಗ್ಲೂ ಬೇಜಾರು.

2024ರ ಜನವರಿಯಲ್ಲಿ ಕುಮಾರ ಪರ್ವತದಲ್ಲಿ ಜನಜಂಗುಳಿ ಆದ ಮೇಲೆ ರಾಜ್ಯದಲ್ಲಿ ಚಾರಣಕ್ಕೆ ಆನ್‌ಲೈನ್ ಬುಕಿಂಗ್, ದಿನಕ್ಕೆ ಇಂತಿಷ್ಟೇ ಜನ ಅನ್ನೋ ಪದ್ಧತಿ ಗಟ್ಟಿಯಾಯ್ತು. ಬೆಂಗಳೂರಿಂದ ಬರೋ ಚಾರಣಿಗರಿಗೆ ಇದು ಬೇಕೇ ಬೇಕು. ಹರಕೆ ಹೊತ್ತು ಗುಡ್ಡದ ಗುಡಿಗೆ ಹೋಗೋ ಅಜ್ಜಿಗೂ ಇದೇ ನಿಯಮ ಹಾಕಿದ್ರೆ ಆಗಲ್ಲ.

ಚಳ್ಳಕೆರೆ ಕಡೆಯೋರ ಅನುಮಾನ ಅರ್ಥ ಮಾಡ್ಕೋಬೇಕಂದ್ರೆ ಅಮೃತಮಹಲ್ ಕಾವಲುಗಳ, ಅಂದ್ರೆ ಅಮೃತಮಹಲ್ ತಳಿ ದನಗಳಿಗೆ ಅಂತ ಮೀಸಲಿಟ್ಟಿದ್ದ ಹುಲ್ಲುಗಾವಲುಗಳ ವಿಷಯ ಗೊತ್ತಿರಬೇಕು. ಉಳ್ಳಾರ್ತಿ, ಖುದಾಪುರ ಸುತ್ತ ಸಾವಿರಾರು ಎಕರೆ ಹುಲ್ಲುಗಾವಲು ವಿಜ್ಞಾನ, ರಕ್ಷಣಾ ಸಂಸ್ಥೆಗಳಿಗೆ ಹೋಯ್ತು, ಎತ್ತರದ ಗೋಡೆ ಎದ್ದವು, ಮಂದೆ ಸುತ್ತು ಹಾಕ್ಕೊಂಡು ಹೋಗೋ ಹಾಗಾಯ್ತು, ಹಸಿರು ನ್ಯಾಯಮಂಡಳಿವರೆಗೂ ವಿಷಯ ಹೋಯ್ತು. ಆ ಸಂಸ್ಥೆಗಳು ದೇಶಕ್ಕೆ ಬೇಕು. ಆದ್ರೆ ಅದನ್ನ ಕಂಡ ಊರಿನವರು ಹೊಸ ನಕ್ಷೆ ತಂದೋರನ್ನ ನೋಡಿ, ಇವತ್ತು ದಾರಿ ಅಂತೀರಿ, ನಾಳೆ ನಮ್ಮ ಕುರಿಗೇ ಗೇಟ್ ಹಾಕ್ತೀರಾ ಅಂತ ಕೇಳಿದ್ರೆ ತಪ್ಪೇನಿದೆ. ಆ ಪ್ರಶ್ನೆಗೆ ಗ್ರಾಮಸಭೆಯಲ್ಲಿ ನಡಾವಳಿ ಪುಸ್ತಕದಲ್ಲಿ ಬರೆದು ಉತ್ತರ ಕೊಡ್ಬೇಕು: ಮೇಯಿಸೋ ಹಕ್ಕು ಹಾಗೇ ಇರುತ್ತೆ, ದುಡ್ಡು ಬಂದ್ರೆ ಪಂಚಾಯ್ತಿಗೆ ಎಷ್ಟು, ಕಸ ಎತ್ತೋರು ಯಾರು, ಯಾವ ತಿಂಗಳು ದಾರಿ ಬಂದ್. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲೂ ಗ್ರಾಮಸಭೆಯ ಮಾತಿಗೆ ಬೆಲೆ ಇದೆ.

ಎಲ್ಲಿಂದ ಶುರು ಮಾಡೋದು ಅಂದ್ರೆ ನನ್ನ ಪ್ರಕಾರ ನಾಯಕನಹಟ್ಟಿ ದಾರಿ. ಫಾಲ್ಗುಣದಲ್ಲಿ ತಿಪ್ಪೇರುದ್ರಸ್ವಾಮಿ ರಥೋತ್ಸವಕ್ಕೆ ಜನ ಬಿಸಿಲಲ್ಲಿ ನಡಕೊಂಡು ಬರ್ತಾರೆ, ರಾತ್ರಿ ಲಾರಿ ಪಕ್ಕದಲ್ಲೇ ಟಾರ್ ರಸ್ತೆ ಅಂಚು ಹಿಡ್ಕೊಂಡು. ಆ ರಸ್ತೆಗೆ ಹೊಂದ್ಕೊಂಡಿರೋ ಹಳೇ ಬಂಡಿದಾರಿಗಳನ್ನ ಊರೂರಿನವರೇ ಕೂತು ನಕಾಶೆಯಲ್ಲಿ ಗುರುತು ಮಾಡಿ, ಮುಂದಿನ ಜಾತ್ರೆ ಒಳಗೆ ಜಾಲಿ ಸವರಿ, ಅರವಟ್ಟಿಗೆ ಎಲ್ಲಿ ಬೇಕು ಅಂತ ತೀರ್ಮಾನ ಮಾಡಬಹುದು. ಅರಣ್ಯದ ಅನುಮತಿ, ಸ್ಮಾರಕದ ಅನುಮತಿ ಬೇಕಿರೋ ತುಂಡುಗಳನ್ನ ಆಮೇಲೆ ಕೈಗೆ ತಗೊಳ್ಳೋಣ.